ಸಹಾಯ ಬೇಕು: ವಾರ್ಫರಿನ್ ಮತ್ತು ಬಿಲ್ವಪತ್ರೆ ಕಷಾಯ, ಅಪ್ಪನಿಗೆ ಹೇಗೆ ತಿಳಿಸಿ ಹೇಳಲಿ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಹೃದಯದ ಕವಾಟ ಬದಲಾಯಿಸಿ ಲೋಹದ್ದು ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಿರಲು ದಿನಾ ವಾರ್ಫರಿನ್ ಮಾತ್ರೆ ನುಂಗಬೇಕು. ಈಗ ಶುಗರ್‌ಗೆ ಒಳ್ಳೆಯದು ಅಂತ ಯಾರೋ ಹೇಳಿದರೆಂದು ಬಿಲ್ವಪತ್ರೆ ಕಷಾಯ ಶುರು ಮಾಡಿದ್ದಾರೆ. ಡಾಕ್ಟರು ಬೇಡ ಎಂದರೂ, "ಎಲೆ ತಾನೇ, ಏನಾಗುತ್ತೆ?" ಅಂತಾರೆ.

ಆದರೆ ಈ ಮಾತ್ರೆಯ ಮೂಲವೂ ಸೊಪ್ಪೇ ಅಲ್ವಾ! 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ನಿಲ್ಲದೆ ಸತ್ತವು. ಆ ಗಿಡದಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ತಾನಾಗಿ ರಕ್ತವನ್ನು ತೆಳುವಾಗಿಸುವುದಿಲ್ಲ. ಬೂಷ್ಟು ಅದನ್ನು ರಕ್ತ ಹೆಪ್ಪುಗಟ್ಟದಂತೆ ಮಾಡುವ ಡೈಕೂಮರಾಲ್ ಆಗಿ ಬದಲಿಸುತ್ತದೆ. ಅದೇ ಜಾಡು ಹಿಡಿದು ವಾರ್ಫರಿನ್ ಬಂತು. 1948ರಲ್ಲಿ ಇಲಿ ಪಾಷಾಣವಾಗಿ, 1954ರಲ್ಲಿ ಮನುಷ್ಯರಿಗೆ ಔಷಧಿಯಾಗಿ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಮಾಡುವ ಕೆಲಸವನ್ನು ಅದು ತಡೆಯುತ್ತದೆ. ಪ್ರಮಾಣ ಸ್ವಲ್ಪ ಹೆಚ್ಚು ಕಡಿಮೆಯಾದರೂ ಕಷ್ಟ.

ಬಿಲ್ವದಲ್ಲೂ ಕೂಮರಿನ್‌ಗಳಿವೆ, ಆಲ್ಕಲಾಯ್ಡ್ ಎಂಬ ಬೇರೆ ಸಸ್ಯ ರಾಸಾಯನಿಕಗಳೂ ಇವೆ. ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಂತ ನನಗಂತೂ ಅನ್ನಿಸುವುದಿಲ್ಲ.

ಫಾರ್ಮಸಿ ಅಥವಾ ಆಯುರ್ವೇದ ಓದಿದವರು ಇಲ್ಲಿದ್ದರೆ, ಇದನ್ನು ಸರಳ ಕನ್ನಡದಲ್ಲಿ ವಿವರಿಸುವ ಒಂದು ಪುಟ ಬರೆದು ಕೊಡುತ್ತೀರಾ? ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಎರಡು ನಿಮಿಷದ ಆಡಿಯೊ ಆದರೂ ಸಾಕು, ಜೊತೆಯಲ್ಲಿ ಕೂತು ಕೇಳಿಸುತ್ತೇನೆ.

ಇನ್ನೊಂದು ಮಾತು. ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ. ಒಂದು ವಾರ ದಿನಾ ಸೊಪ್ಪಿನ ಸಾರು, ಇನ್ನೊಂದು ವಾರ ಏನೂ ಇಲ್ಲ ಅಂದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರುಪೇರಾಗುತ್ತದೆ. ವಾರ್ಫರಿನ್ ತಗೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ, ಅಡುಗೆಯಲ್ಲಿ ಸೊಪ್ಪಿನ ಅಳತೆ ಹೇಗೆ ಕಾಯ್ದುಕೊಳ್ಳುತ್ತೀರಿ? ದಯವಿಟ್ಟು ತಿಳಿಸಿ. ಮುಂದಿನ ರಕ್ತಪರೀಕ್ಷೆ ಸೋಮವಾರ ಇದೆ.