ಕಾಮಕಸ್ತೂರಿಯ ಚಿಗುರು ಹಳದಿ, ಕೃಷ್ಣ ತುಳಸಿಯ ಎಲೆ ಮುದುಡಿದೆ: ಒಂದೇ ರೋಗವೇ?

ಜಲನಗರದ ಮಾಳಿಗೆ (ವಿಜಯಪುರ)
ಎಲ್ಲರಿಗೂ ನಮಸ್ಕಾರ. ನಮ್ಮ ಮಾಳಿಗೆಯ ಮೇಲೆ ನಾಲ್ಕು ಬಗೆಯ ತುಳಸಿ ಇವೆ. ವೃಂದಾವನದಲ್ಲಿ ಕೃಷ್ಣ ತುಳಸಿ. ಸಿಮೆಂಟ್ ಕುಂಡಗಳಲ್ಲಿ ಕಾಮಕಸ್ತೂರಿ, ಬೀಜ ತರಿಸಿ ಬೆಳೆಸಿದ ಇಟಾಲಿಯನ್ ಬೇಸಿಲ್, ಮತ್ತು ಅತ್ತೆಯವರು ತವರಿನಿಂದ ತಂದ ಕರ್ಪೂರ ತುಳಸಿ. ಮಣ್ಣು ನಮ್ಮ ಹೊಲದ ಎರೆ (ಕಪ್ಪು) ಮಣ್ಣು, ಜೊತೆಗೆ ಕೊಟ್ಟಿಗೆ ಗೊಬ್ಬರ. ನೀರು ಬೋರ್‌ವೆಲ್ಲಿನದು.

ಚಳಿಗಾಲದಲ್ಲಿ ಎಲ್ಲವೂ ಚೆನ್ನಾಗಿದ್ದವು. ಬಿಸಿಲು ಏರಿದ ಮೇಲೆ ಕಾಮಕಸ್ತೂರಿ ಮತ್ತು ಬೇಸಿಲ್ ಗಿಡಗಳ ಚಿಗುರು ಹಳದಿಯಾಗುತ್ತಿದೆ. ಎಲೆಯ ನರಗಳು ಮಾತ್ರ ಹಸಿರಾಗಿವೆ. ಕೃಷ್ಣ ತುಳಸಿಯ ಕಥೆಯೇ ಬೇರೆ: ಎಲೆ ಮುದುಡಿ, ಬೂದುಬಣ್ಣಕ್ಕೆ ತಿರುಗಿ ಉದುರುತ್ತಿದೆ. ಕರ್ಪೂರ ತುಳಸಿಗೆ ಏನೂ ಆಗಿಲ್ಲ. ಪಕ್ಕದ ಮನೆಯವರು ಬೂದಿ ಹಾಕಿ ಎನ್ನುತ್ತಾರೆ, ಎದುರು ಮನೆಯವರು ಮಜ್ಜಿಗೆ ಎನ್ನುತ್ತಾರೆ. ಇನ್ನೊಂದು ಮಾತು, ವೃಂದಾವನದ ಗಿಡಕ್ಕೆ ಔಷಧಿ ಹೊಡೆಯಲು ಅತ್ತೆಯವರು ಸುತರಾಂ ಒಪ್ಪುವುದಿಲ್ಲ.

ದ್ರಾಕ್ಷಿ ಪಡ (ತಿಕೋಟಾ)
ಬೇಸಿಲ್‌ಗೆ ಬಂದಿರುವುದು ಡೌನಿ, ಅಂದರೆ ಬೂಜು ತುಪ್ಪಟ ರೋಗ. ನಮ್ಮ ಪಡದಲ್ಲಿ, ಅಂದರೆ ದ್ರಾಕ್ಷಿ ತೋಟದಲ್ಲಿ, ಪ್ರತಿ ವರ್ಷ ನೋಡುತ್ತೇವೆ, ಎಲೆ ಹೀಗೆಯೇ ಹಳದಿಯಾಗುತ್ತದೆ. ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯಿರಿ, ಮುಗಿಯಿತು.

ಮಸಾರಿ ಮಣ್ಣು (ಮುಧೋಳ)
ತಡೆಯಿರಿ ಅಣ್ಣಾ, ಬೋರ್ಡೋ ಕಲಸಬೇಡಿ. ತುಳಸಿ ಕುಲಕ್ಕೂ ಬೂಜು ತುಪ್ಪಟ ರೋಗ ಬರುತ್ತದೆ, ಸುಳ್ಳಲ್ಲ. ಆದರೆ ಅದನ್ನು ತರುವ ಜೀವಿ ಪೆರೊನೊಸ್ಪೊರಾ ಬೆಲ್‌ಬಾರಿ. ದ್ರಾಕ್ಷಿಯದು ಬೇರೆ ಕುಲದ್ದು. ನಿಮ್ಮ ಪಡದಿಂದ ಬೇಸಿಲ್‌ಗೆ ಅದು ಹಾರುವುದಿಲ್ಲ. ಅದಕ್ಕೆ ಎಲೆ ಹೊತ್ತುಗಟ್ಟಲೆ ಒದ್ದೆಯಾಗಿರಬೇಕು. ವಿಜಯಪುರದ ಬೇಸಿಗೆಯಲ್ಲಿ ಒಗೆದ ಬಟ್ಟೆಯೇ ಒದ್ದೆಯಾಗಿ ಉಳಿಯುವುದಿಲ್ಲ.

ಅಕ್ಕಾ, ಮೊದಲು ಎಲೆಯನ್ನು ಮಗುಚಿ ನೋಡಿ. ಉಳಿದದ್ದೆಲ್ಲ ಆಮೇಲೆ. ಹಳದಿ ಎಲೆಯ ಕೆಳಗೆ ಬೂದು-ನೇರಳೆ ಬೂಜು ಇದ್ದರೆ ತಿಕೋಟಾದ ಅಣ್ಣನ ಮಾತು ನಿಜ. ಏನೂ ಇಲ್ಲದೆ, ಎಳೆಯ ಎಲೆ ಮಾತ್ರ ಹಳದಿಯಾಗಿ ನರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ನೀವು ಹೇಳುತ್ತಿರುವುದು ಚಿಗುರಿನ ಮಾತು.

ಇಂಡಿ ನಿಂಬೆಹಣ್ಣು ಮನೆಯಲ್ಲಿ ಇದ್ದೇ ಇರುತ್ತದೆ. ಕುಂಡದ ಒಣಮಣ್ಣನ್ನು ಚಮಚದಲ್ಲಿ ತೆಗೆದುಕೊಂಡು ನಾಲ್ಕು ಹನಿ ರಸ ಹಿಂಡಿ. ಬುಸುಬುಸು ಗುಳ್ಳೆ ಬಂದರೆ ಮಣ್ಣಿನಲ್ಲಿ ಸುಣ್ಣ ತುಂಬಿದೆ ಎಂದರ್ಥ.

ಜಲನಗರದ ಮಾಳಿಗೆ
ಗುಳ್ಳೆ ಬಂತು ಸರ್. ಎಲೆಯ ಕೆಳಗೆ ಬೂಜು ಇಲ್ಲ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆ. ಕೃಷ್ಣ ತುಳಸಿಯ ಎಲೆ ಮಗುಚಿದರೆ ಕಪ್ಪು ಚುಕ್ಕೆಗಳು, ನಡುವೆ ಸಾಸಿವೆಗಿಂತ ಸಣ್ಣ ಹುಳುಗಳು ಓಡಾಡುತ್ತಿವೆ!

ಮಸಾರಿ ಮಣ್ಣು (ಮುಧೋಳ)
ಹಾಗಾದರೆ ಎರಡು ಬೇರೆ ಬೇರೆ ತೊಂದರೆ. ಒಂದೇ ಔಷಧಿಯಿಂದ ಎರಡೂ ಹೋಗುವುದಿಲ್ಲ.

ಚಿಗುರಿನ ಹಳದಿ: ಎರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಮಣ್ಣು ಕ್ಷಾರೀಯವಾದಾಗ ಅದು ಬೇರಿಗೆ ಕರಗಿ ಸಿಗುವುದಿಲ್ಲ. ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರು. ಬೇಸಿಗೆಯಲ್ಲಿ ದಿನಕ್ಕೆ ಎರಡು ಹೊತ್ತು ಹಾಕುತ್ತೀರಿ, ನೀರು ಆವಿಯಾಗುತ್ತದೆ, ಸುಣ್ಣ ಮತ್ತು ಲವಣ ಕುಂಡದಲ್ಲಿಯೇ ಕೂರುತ್ತವೆ. ಹೊಸ ಸಿಮೆಂಟ್ ಕುಂಡವಾದರೆ ಅದೂ ಒಂದಿಷ್ಟು ಸುಣ್ಣ ಬಿಡುತ್ತದೆ. ಇಷ್ಟೆಲ್ಲ ಆದ ಮೇಲೆ ಪಕ್ಕದ ಮನೆಯವರ ಬೂದಿ! ಬೂದಿಯೂ ಕ್ಷಾರವೇ. ದಯವಿಟ್ಟು ಹಾಕಬೇಡಿ. ಕುಂಡದಲ್ಲಿ ತುಕ್ಕು ಮೊಳೆ ಹೂಳುವವರೂ ಇದ್ದಾರೆ. ಇಂಥ ಮಣ್ಣಿನಲ್ಲಿ ಅದರಿಂದ ಏನೂ ಆಗುವುದಿಲ್ಲ.

ಗೊಬ್ಬರದಂಗಡಿಯಲ್ಲಿ ಕಬ್ಬಿಣದ ಚಿಲೇಟ್ ಕೇಳಿ, ಅಂದರೆ ಬೇರಿಗೆ ಕರಗಿ ಸಿಗುವಂತೆ ಕಟ್ಟಿದ ಕಬ್ಬಿಣ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದಿರಬೇಕು. ಇಡಿಟಿಎ ಎಂಬ ಇನ್ನೊಂದು ಬಗೆ ಕೊಟ್ಟರೆ ಹಿಂತಿರುಗಿಸಿ, ಸುಣ್ಣದ ಮಣ್ಣಿನಲ್ಲಿ ಅದು ಬೇಗ ಕೈಕೊಡುತ್ತದೆ. ಪೊಟ್ಟಣದ ಮೇಲಿನ ಪ್ರಮಾಣದಂತೆ ನೀರಿನಲ್ಲಿ ಕರಗಿಸಿ ಬುಡಕ್ಕೆ ಹಾಕಿ. ತಿನ್ನುವ ಎಲೆಯಾದ್ದರಿಂದ ಸಿಂಪಡಣೆಗಿಂತ ಬುಡಕ್ಕೆ ಕೊಡುವುದೇ ನನಗೆ ಸರಿಯೆನಿಸುತ್ತದೆ. ಈಗಾಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗುವುದು ಕಡಿಮೆ, ಮುಂದಿನ ಚಿಗುರನ್ನು ನೋಡಿ.

ಮಳೆ ಶುರುವಾದ ಮೇಲೆ ಮಣ್ಣನ್ನೇ ಬದಲಿಸಿ. ಬರೀ ಎರೆ ಮಣ್ಣು ಕುಂಡಕ್ಕೆ ಲಾಯಕ್ಕಲ್ಲ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಬಿರುಕಿನಲ್ಲಿ ನೀರು ಸರಸರನೆ ಕೆಳಗಿಳಿದು ಬೇರು ಒಣಗಿಯೇ ಇರುತ್ತದೆ. ಮಸಾರಿ (ಕೆಂಪು) ಮಣ್ಣು, ಕೋಕೊಪಿಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಸಮಪಾಲು ಸಾಕು. ನದಿ ನೀರಿನ ನಲ್ಲಿ ಇದ್ದರೆ ಅದನ್ನೇ ಹಾಕಿ. ಆರ್‌ಒ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರು ಮಾತ್ರ ಬೇಡ, ಬೋರ್‌ವೆಲ್ಲಿನ ಲವಣವೆಲ್ಲ ಅದರಲ್ಲಿ ಗಟ್ಟಿಯಾಗಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಹಾಕಬಹುದು.

ಟಿಳಕವಾಡಿ ತೋಟ (ಬೆಳಗಾವಿ)
ಆ ಹುಳು ಲೇಸ್ ಬಗ್, ಒಂದು ಜಾತಿಯ ತಿಗಣೆ. ತುಳಸಿಯ ಮೇಲೆ ಅದಕ್ಕೆ ವಿಶೇಷ ಪ್ರೀತಿ. ಎಲೆಯ ಕೆಳಗೆ ಕುಳಿತು ರಸ ಹೀರುತ್ತದೆ. ಕಪ್ಪು ಚುಕ್ಕೆಗಳು ಅದರ ಹಿಕ್ಕೆ. ಅತ್ತೆಯವರ ಮನಸ್ಸನ್ನು ನೋಯಿಸುವ ಅಗತ್ಯವಿಲ್ಲ, ನಮ್ಮ ಮನೆಯಲ್ಲೂ ಇದೇ ಪಂಚಾಯಿತಿ. ಮುದುಡಿದ ಕುಡಿಗಳನ್ನೆಲ್ಲ ಕತ್ತರಿಸಿ ಚೀಲದಲ್ಲಿ ಕಟ್ಟಿ ಹೊರಹಾಕಿ. ಉಳಿದ ಎಲೆಗಳ ಕೆಳಭಾಗಕ್ಕೆ ಬೆಳಿಗ್ಗೆ ಪೈಪಿನಿಂದ ಜೋರಾಗಿ ನೀರು ಬಿಡಿ. ನಾಲ್ಕಾರು ದಿನ ಬಿಡದೆ ಮಾಡಿದರೆ ಬಹಳಷ್ಟು ಹುಳು ತೊಳೆದುಹೋಗುತ್ತದೆ.

ಅಷ್ಟಕ್ಕೂ ಬಗ್ಗದಿದ್ದರೆ ಬೇವಿನ ಎಣ್ಣೆ: ಲೀಟರ್ ನೀರಿಗೆ 5 ಮಿಲಿ, ಎಣ್ಣೆ ಬೆರೆಯಲು ತುಸು ಸೋಪಿನ ದ್ರಾವಣ. ಸಂಜೆಯೇ ಹೊಡೆಯಬೇಕು. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಟ್ಟುಹೋಗುತ್ತದೆ. ವಾರ ಬಿಟ್ಟು ಇನ್ನೊಮ್ಮೆ. ಆ ದಿನಗಳಲ್ಲಿ ಪೂಜೆಗೂ ತೀರ್ಥಕ್ಕೂ ಬೇರೆ ಗಿಡದ ದಳ ತನ್ನಿ.

ದ್ರಾಕ್ಷಿ ಪಡ (ತಿಕೋಟಾ)
ಚಿಲೇಟ್ ಸಿಗದಿದ್ದರೆ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಸಿಂಪಡಿಸಬಹುದಲ್ಲ? ನಾವು ದ್ರಾಕ್ಷಿಗೆ ಕೊಡುತ್ತೇವೆ.

ಮಸಾರಿ ಮಣ್ಣು (ಮುಧೋಳ)
ಕೊಡಬಹುದು ಅಣ್ಣಾ, ಆದರೆ ಬೇಸಿಲ್ ಎಲೆ ದ್ರಾಕ್ಷಿ ಎಲೆಗಿಂತ ಮೆದು. ಲೀಟರಿಗೆ 3 ಗ್ರಾಂ ದಾಟಬೇಡಿ, ಚೂರು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸೇರಿಸಿ, ಮೊದಲು ಒಂದು ಕುಡಿಗೆ ಹೊಡೆದು ಎರಡು ದಿನ ಕಾಯಬೇಕು. ಎಲೆಯ ಮೇಲೆ ಕಂದು ಕಲೆ ಬೀಳುವುದುಂಟು. ಇದನ್ನೇ ಮಣ್ಣಿಗೆ ಹಾಕಿದರಂತೂ ದಂಡ, ಸುಣ್ಣ ಅದನ್ನು ಕೂಡಲೇ ಹಿಡಿದಿಟ್ಟುಕೊಳ್ಳುತ್ತದೆ.

ಜಲನಗರದ ಮಾಳಿಗೆ
ಚಿಲೇಟ್ ಹಾಕಿದೆ. ಕಾಮಕಸ್ತೂರಿಯ ಹೊಸ ಚಿಗುರು ಹಸಿರಾಗಿ ಬಂದಿದೆ. ವೃಂದಾವನಕ್ಕೆ ಅತ್ತೆಯವರೇ ಪೈಪ್ ಹಿಡಿದು ನಿಲ್ಲುತ್ತಾರೆ, ಎಣ್ಣೆ ಬೇಕಾಗಲಿಲ್ಲ. ಇಟಾಲಿಯನ್ ಬೇಸಿಲ್ ಮಾತ್ರ ಮೊಳಕಾಲೆತ್ತರಕ್ಕೆ ಬರುವ ಮೊದಲೇ ತೆನೆ ಬಿಟ್ಟು ಎಲೆ ಕಹಿಯಾಗಿದೆ. ಬೀಜ ಹಿಡಿದು ಮುಂದಿನ ಸಲ ಹಾಕಲೇ?

ಟಿಳಕವಾಡಿ ತೋಟ (ಬೆಳಗಾವಿ)
ಬಿಸಿಲಿಗೆ ಅದು ಹೂವಿಗೆ ಓಡುತ್ತದೆ. ಈಗಲೇ ತೆನೆ ಚಿವುಟಿ, ಮಧ್ಯಾಹ್ನ ಶೇಕಡಾ 50ರ ನೆರಳು ಬಲೆ ಕಟ್ಟಿ. ಮುಂದೆ ಸಸಿಗೆ ಮೂರು ಜೊತೆ ಎಲೆ ಬಂದೊಡನೆ ತುದಿ ಚಿವುಟಿದರೆ ಪೊದೆಯಾಗುತ್ತದೆ. ಈ ಗಿಡದ ಬೀಜ ಹಿಡಿಯಬೇಡಿ. ಕಾಮಕಸ್ತೂರಿಯೂ ಇಟಾಲಿಯನ್ ಬೇಸಿಲ್ಲೂ ಒಂದೇ ಪ್ರಭೇದ, ಪಕ್ಕಪಕ್ಕದಲ್ಲಿ ಹೂಬಿಟ್ಟರೆ ಜೇನುಹುಳುಗಳು ಬೆರಕೆ ಮಾಡುತ್ತವೆ. ಹೊಸ ಬೀಜ ತರಿಸಿ, ಬಿಸಿಲು ಇಳಿದ ಮೇಲೆ ಸೆಪ್ಟೆಂಬರ್ ಕೊನೆಗೆ ಬಿತ್ತಿ. ಆಳ ಹೂಳಬೇಡಿ, ಮಣ್ಣಿನ ಮೇಲೆ ಉದುರಿಸಿ ನೀರು ಚಿಮುಕಿಸಿದರೆ ಬೀಜ ಲೋಳೆಗಟ್ಟಿ ತಾನೇ ಅಂಟಿಕೊಳ್ಳುತ್ತದೆ.