ತೀಡುವುದು, ಮಸೆಯುವುದು, ಸಾಣೆ ಹಿಡಿಯುವುದು: ಮೀನು ಬಿಡಿಸುವ ಚಾಕುವಿನ ಸುತ್ತಲಿನ ಕೆಲವು ಪದಗಳು

ಮೀನಿನ ಫಿಲೆ (ನಡುಮುಳ್ಳಿನಿಂದ ಬಿಡಿಸಿದ ಮಾಂಸದ ಪಟ್ಟಿ) ತೆಗೆಯುವ ಚಾಕುವನ್ನು ಆರಿಸುವುದು ಹೇಗೆ, ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸವೊಂದನ್ನು ಕೆಲವು ತಿಂಗಳುಗಳಿಂದ ಮಾಡುತ್ತಿದ್ದೇನೆ. ಬೇಕಾದ ಪದಗಳು ಸಿಗಲಾರವೇನೋ ಎಂಬ ಅಳುಕು ಮೊದಲಿಗೆ ಇತ್ತು. ಬರೆಯುತ್ತ ಹೋದಂತೆ ಎದುರಾದ ತೊಡಕು ಬೇರೆಯೇ ಆಗಿತ್ತು: ಪದಗಳು ಬೇಕಾದಷ್ಟು ಇವೆ, ಅವುಗಳ ನಡುವಿನ ಗೆರೆಗಳು ಮಾತ್ರ ನಮ್ಮ ಇಂದಿನ ಬರವಣಿಗೆಯಲ್ಲಿ ಅಳಿಸಿಹೋಗಿವೆ. ಆ ಗೆರೆಗಳಲ್ಲಿ ಒಂದೆರಡನ್ನಾದರೂ ಮತ್ತೆ ಎಳೆಯಬಹುದೇ ಎಂದು ಪದಗಳ ಬಗ್ಗೆ ಬಲ್ಲವರನ್ನೂ ಚಾಕು ಹಿಡಿದು ದುಡಿಯುವವರನ್ನೂ ಕೇಳುವುದು ಈ ಬರಹದ ಉದ್ದೇಶ.

ಮುಖ್ಯ ಪ್ರಶ್ನೆಯನ್ನು ಹುಟ್ಟಿಸಿದ ಘಟನೆಯನ್ನು ಮೊದಲು ಹೇಳುತ್ತೇನೆ. ನನ್ನ ಮೊದಲ ಕರಡಿನಲ್ಲಿ ‘ಪ್ರತಿ ಸಲ ಕೆಲಸಕ್ಕೆ ತೊಡಗುವ ಮುನ್ನ ಚಾಕುವಿಗೆ ಸಾಣೆ ಹಿಡಿಯಿರಿ’ ಎಂಬ ವಾಕ್ಯವಿತ್ತು. ಉಕ್ಕಿನ ಕೋಲಿನ ಮೇಲೆ ಅಲಗನ್ನು ನಾಲ್ಕಾರು ಸಲ ಹಗುರವಾಗಿ ಎಳೆಯಬೇಕೆಂಬುದು ನಾನು ಹೇಳಬೇಕೆಂದಿದ್ದ ಮಾತು. ಕರಡನ್ನು ಓದಿದ ಪರಿಚಿತರೊಬ್ಬರು ಪದದ ಅರ್ಥವನ್ನು ಇದ್ದಂತೆಯೇ ನಂಬಿ, ಇಂಗಾಲದ ಉಕ್ಕಿನ ತಮ್ಮ ತೆಳು ಚಾಕುವನ್ನು ಮತ್ತೆ ಮತ್ತೆ ತಿರುಗುವ ಸಾಣೆಚಕ್ರಕ್ಕೆ ಒಡ್ಡಿದರು. ಅವರು ಅದನ್ನು ತಂದು ತೋರಿಸಿದಾಗ ತುದಿಯಿಂದ ಮೂರು ಬೆರಳಿನಷ್ಟು ಉದ್ದಕ್ಕೆ ನೀಲಿ ಛಾಯೆ ಹರಡಿತ್ತು. ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಕೆಳಗೆ ಮಾಡಿ ಹಲಗೆಯ ಮೇಲಿಟ್ಟರೆ ನಡುವೆ ಸಣ್ಣ ಕಮಾನಿನಂತೆ ಬೆಳಕು ಕಾಣುತ್ತಿತ್ತು. ಇಂಗಾಲದ ಉಕ್ಕಿನಲ್ಲಿ ಆ ನೀಲಿ ಮೂಡುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ. ಅಷ್ಟು ಕಾದ ತುದಿಯ ಹದ ಕೆಟ್ಟು ಉಕ್ಕು ಮೆತ್ತಗಾಗುತ್ತದೆ, ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ. ನಡುವಿನ ತಗ್ಗಿನಿಂದಾಗಿ ಮೀನಿನ ಸಿಪ್ಪೆ ಅಲ್ಲಲ್ಲಿ ಕತ್ತರಿಸದೆ ಉಳಿಯುತ್ತಿತ್ತು. ತಪ್ಪು ನನ್ನ ಪದದ್ದೇ ಆಗಿತ್ತು.

ಈ ಕೆಲಸದಲ್ಲಿ ಒಂದಕ್ಕೊಂದು ಬೇರೆಯಾದ ಮೂರು ಕ್ರಿಯೆಗಳಿವೆ. ಮೊದಲನೆಯದರಲ್ಲಿ ಲೋಹ ಹೆಚ್ಚುಕಡಿಮೆ ಸವೆಯುವುದೇ ಇಲ್ಲ. ಚಾಕುವಿನ ಬಾಯಿ ಎಷ್ಟು ತೆಳುವೆಂದರೆ ಮೀನಿನ ಮುಳ್ಳಿಗೋ ಹಲಗೆಗೋ ಒತ್ತಿದಾಗ ಅದು ಮುರಿಯದೆ ಒಂದು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಕೊಯ್ಯುವಾಗ ಚಾಕು ಜಾರುತ್ತದೆ. ಅದನ್ನು ನಯವಾದ ಉಕ್ಕಿನ ಕೋಲಿನ ಮೇಲೆ ಎಳೆದಾಗ ಮಗುಚಿದ ಬಾಯಿ ನೆಟ್ಟಗಾಗುತ್ತದೆ. ಎರಡನೆಯದು ನೀರು ಅಥವಾ ಎಣ್ಣೆ ಸವರಿದ ಕಲ್ಲಿನ ಮೇಲೆ ಉಜ್ಜಿ, ಲೋಹವನ್ನು ಸ್ವಲ್ಪ ಸವೆಸಿ, ಹೊಸ ಬಾಯಿ ತರುವುದು. ಮೂರನೆಯದು ತಿರುಗುವ ಚಕ್ರದಲ್ಲಿ ಬೇಗ ಬೇಗ ಹೆಚ್ಚು ಲೋಹ ತೆಗೆಯುವುದು. ಮೊದಲನೆಯದನ್ನು ದಿನಕ್ಕೆ ನಾಲ್ಕು ಸಲ ಮಾಡಿದರೂ ಚಾಕುವಿಗೆ ಕೇಡಿಲ್ಲ. ಎರಡನೆಯದು ವಾರಕ್ಕೋ ತಿಂಗಳಿಗೋ ಸಾಕು. ಬಳುಕುವ ತೆಳು ಅಲಗಿನ ಚಾಕುವಿಗೆ ಮೂರನೆಯದರ ಅಗತ್ಯ, ತುದಿ ಮುರಿದುಹೋದಾಗಲೋ ಬಾಯಿ ಆಳವಾಗಿ ಕಚ್ಚುಬಿದ್ದಾಗಲೋ ಹೊರತು, ಬರಲೇಬಾರದು. ಇಷ್ಟು ಅಂತರವಿರುವ ಮೂರು ಕೆಲಸಗಳಿಗೆ ನಾವು ಒಮ್ಮೆ ಮಸೆ ಎಂದೂ ಒಮ್ಮೆ ಸಾಣೆ ಎಂದೂ ಕೈಗೆ ಬಂದ ಪದವನ್ನು ಬಳಸುತ್ತಿದ್ದೇವೆ.

ಮಸೆ ಎಂಬ ಕ್ರಿಯಾಪದದಲ್ಲಿ ಎರಡು ಗಟ್ಟಿ ಮೈಗಳು ಒಂದಕ್ಕೊಂದು ಉಜ್ಜುವ ಅರ್ಥ ಇಂದಿಗೂ ಜೀವಂತವಾಗಿದೆ. ಹಲ್ಲು ಮಸೆಯುವುದು, ಕತ್ತಿ ಮಸೆಯುವುದು, ಮಸೆಗಲ್ಲು ಎಂಬ ಬಳಕೆಗಳನ್ನು ನೋಡಿದರೆ ಕೈಯಿಂದ ನಿಧಾನವಾಗಿ ಉಜ್ಜುವ ಎರಡನೆಯ ಕ್ರಿಯೆಗೆ ಇದಕ್ಕಿಂತ ತಕ್ಕ ಪದ ಇನ್ನೊಂದಿಲ್ಲ ಎನಿಸುತ್ತದೆ. ಸಾಣೆ ಸಂಸ್ಕೃತದ ಶಾಣದಿಂದ ಬಂದದ್ದು. ಗಂಧ ತೇಯುವ ಕಲ್ಲಿಗೂ ಸಾಣೆಕಲ್ಲು ಎಂಬ ಹೆಸರಿರುವುದರಿಂದ ಅದು ಚಕ್ರಕ್ಕೆ ಮಾತ್ರ ಸೇರಿದ್ದೆಂದು ವಾದಿಸಲು ಬರುವುದಿಲ್ಲ. ಆದರೂ ಸಾಣೆ ಹಿಡಿಯುವವರು ಎಂದ ಕೂಡಲೇ ಕಿಡಿ ಹಾರಿಸುತ್ತ ತಿರುಗುವ ಚಕ್ರವೇ ಹೆಚ್ಚಿನವರ ಕಣ್ಣಮುಂದೆ ಬರುತ್ತದೆ. ಬುದ್ಧಿಗೆ ಸಾಣೆ, ಪ್ರತಿಭೆಗೆ ಸಾಣೆ ಎಂಬ ಮಾತುಗಳು ಈ ಪದಕ್ಕೆ ಒಂದು ಮೆರುಗನ್ನೂ ಕೊಟ್ಟಿವೆ. ಸಾಣೆ ಹಿಡಿದಷ್ಟೂ ಒಳ್ಳೆಯದು ಎಂಬ ಭಾವನೆ ಅಲ್ಲಿಂದಲೇ ಬಂದಿರಬಹುದು. ರತ್ನಕ್ಕೆ ಅದು ಸಲ್ಲುತ್ತದೆ. ಅಲಗಿನ ಬೆನ್ನೇ ಎರಡು ಮಿಲಿಮೀಟರಿನಷ್ಟು ದಪ್ಪವಿರುವ ಚಾಕುವಿಗೆ ಸಲ್ಲುವುದಿಲ್ಲ.

ಉಳಿದದ್ದು ಮೊದಲನೆಯ ಕ್ರಿಯೆ. ಇದಕ್ಕೆ ತೀಡು ಎಂಬ ಪದವನ್ನೂ, ಆ ಉಕ್ಕಿನ ಕೋಲಿಗೆ ತೀಡುಗೋಲು ಎಂಬ ಹೆಸರನ್ನೂ ಮುಂದಿಡುತ್ತಿದ್ದೇನೆ. ಮೀಸೆ ತೀಡಿದರೆ ಕೂದಲು ಕಡಿಮೆಯಾಗುವುದಿಲ್ಲ, ಅಡ್ಡಾದಿಡ್ಡಿಯಾಗಿದ್ದದ್ದು ಒಂದು ಸಾಲಿಗೆ ಬರುತ್ತದೆ. ತಿದ್ದಿ ತೀಡುವುದು ಎಂಬ ಜೋಡಿ ಮಾತಿನಲ್ಲಿಯೂ ಇರುವುದನ್ನು ಉಳಿಸಿಕೊಂಡೇ ನೇರ ಮಾಡುವ ಅರ್ಥವಿದೆ. ಉಕ್ಕಿನ ಕೋಲು ಚಾಕುವಿನ ಬಾಯಿಗೆ ಮಾಡುವುದು ಇದನ್ನೇ. ಆದರೆ ಇದಕ್ಕೆ ಬರಬಹುದಾದ ಆಕ್ಷೇಪಣೆ ಗಟ್ಟಿಯಾದದ್ದೆಂಬುದನ್ನು ಮರೆಮಾಚಬಾರದು: ತೀಡು ಎಂಬುದಕ್ಕೆ ಉಜ್ಜು ಎಂಬ ಹಳೆಯ ಅರ್ಥವೂ ಇದೆ, ತಮಿಳಿನಲ್ಲಿ ಅದರ ಒಡಹುಟ್ಟಾದ ತೀಟ್ಟು ಎಂಬುದನ್ನು ಕತ್ತಿ ಮಸೆಯುವುದಕ್ಕೇ ಬಳಸುತ್ತಾರೆ. ಹಾಗಿದ್ದರೂ ಇಂದಿನ ಕನ್ನಡದ ಓದುಗನ ಕಿವಿಗೆ ತೀಡು ಎಂಬುದು ಮಸೆಗಿಂತ ಹಗುರವಾದ ಕೈಯನ್ನೇ ಸೂಚಿಸುತ್ತದೆ ಎಂದು ನನ್ನ ಎಣಿಕೆ, ಮತ್ತು ಈ ಕೆಲಸಕ್ಕೆ ಬೇಕಾದದ್ದು ಹಗುರವಾದ ಕೈಯೇ. ಕೋಲಿನ ಮೇಲೆ ಚಾಕುವನ್ನು ಒತ್ತಿ ಎಳೆದರೆ ನೆಟ್ಟಗಾಗಬೇಕಾದ ಬಾಯಿ ಇನ್ನೊಂದು ಪಕ್ಕಕ್ಕೆ ಮಗುಚುತ್ತದೆ. ಸೆರಾಮಿಕ್ ಕೋಲು, ವಜ್ರದ ಪುಡಿ ಲೇಪಿಸಿದ ಕೋಲು ಇವು ಲೋಹವನ್ನು ಸವೆಸುವುದರಿಂದ ಅವುಗಳನ್ನು ತೀಡುಗೋಲಿನ ಜೊತೆ ಸೇರಿಸದೆ ಮಸೆಗೋಲು ಎಂದು ಕರೆಯಬೇಕಾಗುತ್ತದೆ. ಈ ಎರಡು ಪದಗಳಿದ್ದರೆ ಅಂಗಡಿಯ ಒಂದೇ ಸಾಲಿನಲ್ಲಿ ತೂಗುಹಾಕಿರುವ, ನೋಡಲು ಒಂದೇ ಬಗೆಯ ಎರಡು ಕೋಲುಗಳನ್ನು ಕೊಳ್ಳುವವರು ಬೇರ್ಪಡಿಸಿ ಕೇಳಬಲ್ಲರು.

ಎರಡನೆಯ ಗುಂಪಿನ ಪದಗಳು ಚಾಕುವಿನ ಆಯ್ಕೆಗೆ ಸಂಬಂಧಿಸಿದವು. ಫಿಲೆ ಚಾಕುವಿನ ಮುಖ್ಯ ಲಕ್ಷಣವನ್ನು ‘ಬಾಗುವ ಅಲಗು’ ಎಂದು ಬರೆದಾಗ ಓದಿದವರಲ್ಲಿ ಅರ್ಧದಷ್ಟು ಜನ ಅದನ್ನು ಕುಡುಗೋಲಿನಂತೆ ಬಾಗಿದ ಅಲಗು ಎಂದು ತಿಳಿದರು. ಬಾಗು ಎಂಬ ಪದ ಆಕಾರವನ್ನೂ ಹೇಳುತ್ತದೆ, ಕ್ರಿಯೆಯನ್ನೂ ಹೇಳುತ್ತದೆ. ಬಾಗಿದ್ದು ಮತ್ತೆ ನೆಟ್ಟಗಾಗುತ್ತದೆಯೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಬಳುಕು ಎಂಬ ಪದದಲ್ಲಿ ಆ ಮರಳಿ ಬರುವ ಗುಣ ಸೇರಿಕೊಂಡೇ ಇದೆ. ಪಠ್ಯಪುಸ್ತಕದ ನಮ್ಯತೆಗಿಂತ ಬಳುಕು ಎಲ್ಲ ರೀತಿಯಿಂದಲೂ ಮೇಲು.

ಇದಕ್ಕೆ ಎದುರಾದ ಗುಣವನ್ನು ಹೆಸರಿಸುವಲ್ಲಿ ಹೆಚ್ಚಿನ ಎಚ್ಚರ ಬೇಕು. ಬಳುಕದ ಅಲಗನ್ನು ಗಡಸು ಅಲಗು ಎಂದು ಬರೆಯುವ ರೂಢಿಯಿದೆ. ಲೋಹಶಾಸ್ತ್ರದ ಕನ್ನಡದಲ್ಲಿ ಗಡಸುತನವೆಂದರೆ ಒತ್ತಿದಾಗ ಅಥವಾ ಗೀರಿದಾಗ ಗುರುತು ಬೀಳದಂತೆ ತಡೆಯುವ ಗುಣ. ರಾಕ್‌ವೆಲ್ ಸಿ ಮಾಪನದಲ್ಲಿ ಅಳೆಯುವುದು ಅದನ್ನು. ಬಳುಕುವ ಫಿಲೆ ಚಾಕುಗಳ ಗಡಸುತನ ಸಾಮಾನ್ಯವಾಗಿ 54ರಿಂದ 58ರ ನಡುವೆ ಇರುತ್ತದೆ. ಹಲವು ಜಪಾನಿ ಚಾಕುಗಳದ್ದು 60ನ್ನು ದಾಟುತ್ತದೆ. ಅಲಗು ಬಳುಕುತ್ತದೆಯೋ ಇಲ್ಲವೋ ಎಂಬುದನ್ನು ಈ ಅಂಕಿ ನಿರ್ಧರಿಸುವುದಿಲ್ಲ, ಅದನ್ನು ನಿರ್ಧರಿಸುವುದು ಬಹುಮಟ್ಟಿಗೆ ಅಲಗಿನ ದಪ್ಪ: ಅದೇ ಉಕ್ಕಿನ ಅಲಗನ್ನು ಅರ್ಧದಷ್ಟು ತೆಳುವಾಗಿಸಿದರೆ ಅದನ್ನು ಅಷ್ಟೇ ಬಾಗಿಸಲು ಎಂಟರಲ್ಲಿ ಒಂದು ಪಾಲಿನ ಬಲ ಸಾಕು. ಗಡಸುತನ ಹೇಳುವುದು ಬೇರೊಂದು ವಿಷಯವನ್ನು. 56ರ ಆಸುಪಾಸಿನ ಬಾಯಿ ಮುಳ್ಳಿಗೆ ತಾಗಿದಾಗ ಮಗುಚುತ್ತದೆ, ಆದ್ದರಿಂದ ತೀಡುಗೋಲಿಗೆ ಒಗ್ಗುತ್ತದೆ; 60ಕ್ಕಿಂತ ಮೇಲಿನದು ಮಗುಚುವ ಬದಲು ಚಕ್ಕೆ ಏಳುತ್ತದೆ, ಅದನ್ನು ಗೀರುಗಳಿರುವ ಉಕ್ಕಿನ ಕೋಲಿಗೆ ತಾಗಿಸದೆ ಕಲ್ಲಿನಲ್ಲೇ ಮಸೆಯಬೇಕು. ಹೀಗಾಗಿ ಗಡಸು ಎಂಬುದನ್ನು ಉಕ್ಕಿಗೆ ಮೀಸಲಿಟ್ಟು, ಅಲಗಿಗೆ ಸೆಟೆದ ಅಲಗು ಎಂದೋ ಬಿಗಿ ಅಲಗು ಎಂದೋ ಬಳಸುವುದು ಸೂಕ್ತವೆಂದು ತೋರುತ್ತದೆ. ನನಗೆ ಬಿಗಿ ಹಿಡಿಸಿದೆ. ಚಪ್ಪಟೆ ಮೀನಿಗೆ ಮತ್ತು ತೆಳುವಾದ ಫಿಲೆಗೆ 15ರಿಂದ 18 ಸೆಂಟಿಮೀಟರ್ ಉದ್ದದ ಬಳುಕು ಅಲಗು, ದೊಡ್ಡ ಗಾತ್ರದ, ದಪ್ಪ ಮಾಂಸದ ಮೀನಿಗೆ 20ರಿಂದ 23 ಸೆಂಟಿಮೀಟರಿನ ಬಿಗಿ ಅಲಗು ಎಂದು ಬರೆದರೆ ಈಗ ಯಾರಿಗೂ ಸಂದೇಹ ಬರುತ್ತಿಲ್ಲ.

ಇಲ್ಲಿಯವರೆಗೆ ಅಲಗು, ಬಾಯಿ ಎಂಬ ಎರಡು ಪದಗಳನ್ನು ಬೇರೆ ಬೇರೆಯಾಗಿ ಬಳಸಿದ್ದೇನೆ. ಅದೂ ಬೇಕೆಂದೇ ಮಾಡಿಕೊಂಡ ಆಯ್ಕೆ. ಎರಡಲಗಿನ ಕತ್ತಿ ಎನ್ನುವಾಗ ಅಲಗು ಎಂದರೆ ಕೊಯ್ಯುವ ಅಂಚು. ಅಲಗು ಮುರಿಯಿತು ಎನ್ನುವಾಗ ಹಿಡಿಯಿಂದ ಆಚೆಗಿನ ಇಡೀ ಲೋಹದ ಪಟ್ಟಿ. ಸಾಹಿತ್ಯದಲ್ಲಿ ಇದರಿಂದ ನಷ್ಟವಿಲ್ಲ. ‘ಅಲಗನ್ನು ಕಲ್ಲಿನ ಮೇಲಿಡಿ’ ಎಂದು ಸೂಚನೆ ಕೊಡುವಾಗ ಮಾತ್ರ ನಷ್ಟವಿದೆ, ಏಕೆಂದರೆ ಅಲಗನ್ನು ಮಲಗಿಸಬೇಕೋ ಅಂಚನ್ನು ತಾಗಿಸಬೇಕೋ ತಿಳಿಯುವುದಿಲ್ಲ. ಇಬ್ಬಾಯಿ ಎಂಬ ಪದದಲ್ಲಿ ಬಾಯಿ ಎಂದರೆ ಅಂಚೇ ಆಗಿರುವುದರಿಂದ ಅದನ್ನು ಅಂಚಿಗೂ, ಅಲಗನ್ನು ಪಟ್ಟಿಗೂ ನಿಗದಿಪಡಿಸಿದರೆ ಬಾಯಿಗೆ ಎದುರಾಗಿ ಬೆನ್ನು ಎಂಬ ಪದವೂ ತಾನಾಗಿ ಒದಗುತ್ತದೆ. ಆಗ ಮಸೆಯುವ ಕೋನವನ್ನು ಕೋನಮಾಪಕವಿಲ್ಲದೆ ಹೇಳಬಹುದು: ಅಲಗಿನ ಅಗಲ 20 ಮಿಲಿಮೀಟರ್ ಇದ್ದಲ್ಲಿ ಬಾಯಿಯನ್ನು ಕಲ್ಲಿಗೆ ತಾಗಿಸಿ ಬೆನ್ನನ್ನು 5 ಮಿಲಿಮೀಟರ್ ಎತ್ತಿ ಹಿಡಿದರೆ ಸುಮಾರು 15 ಡಿಗ್ರಿ ಆಗುತ್ತದೆ, ಫಿಲೆ ಚಾಕುವಿಗೆ ಅದು ಒಳ್ಳೆಯ ಕೋನ. ಜಪಾನಿನ ದೇಬಾದಂತಹ, ಒಂದೇ ಮಗ್ಗುಲನ್ನು ಇಳಿಜಾರಾಗಿ ಮಸೆಯುವ ಚಾಕುಗಳನ್ನು ಒಂದಲಗಿನ ಚಾಕು ಎಂದು ಬರೆದಿರುವುದನ್ನು ನೋಡಿದ್ದೇನೆ. ಹೆಚ್ಚುಕಡಿಮೆ ಎಲ್ಲ ಚಾಕುಗಳೂ ಒಂದಲಗಿನವೇ ಆಗಿರುವುದರಿಂದ ಅದನ್ನು ಒಮ್ಮಗ್ಗುಲು ಮಸೆತದ ಚಾಕು ಎನ್ನುವುದು ಸರಿ.

ಹರಿತ ಮತ್ತು ಮೊನಚುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹರಿತ ಬಾಯಿಗೆ, ಮೊನಚು ಮೊನೆಗೆ.

ಫಿಲೆ ಎಂಬ ನಾಮಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಹೋಳು, ತುಂಡು ಎಂದರೆ ನಡುಮುಳ್ಳು ಸೇರಿ ಅಡ್ಡಡ್ಡವಾಗಿ ಕಡಿದದ್ದೂ ಆಗಬಹುದು. ಕ್ರಿಯಾಪದಕ್ಕೆ ಮಾತ್ರ ಕತ್ತರಿಸು, ಸೀಳು, ಕೊಯ್ಯಿ ಇವೆಲ್ಲವನ್ನೂ ಬಿಟ್ಟು ಬಿಡಿಸು ಎಂಬುದನ್ನು ಆರಿಸಿಕೊಂಡೆ. ಕಿವಿರಿನ ಹಿಂದೆ ನಡುಮುಳ್ಳಿನವರೆಗೆ ಕೊಯ್ದು, ಅಲಗನ್ನು ಮಲಗಿಸಿ, ಮುಳ್ಳಿನ ಮೇಲೇ ಜಾರಿಸುತ್ತ ಬಾಲದ ಕಡೆಗೆ ಹೋಗುವಾಗ ಬಾಯಿ ಒಂದೊಂದು ಮುಳ್ಳಿನ ಮೇಲೂ ಹಾದು ಸಣ್ಣಗೆ ಟಕಟಕ ಎನ್ನುವುದು ಬೆರಳಿಗೆ ತಿಳಿಯುತ್ತದೆ. ಆ ಸದ್ದು ನಿಂತರೆ ಮಾಂಸ ಮುಳ್ಳಿನಲ್ಲೇ ಉಳಿಯುತ್ತಿದೆ ಎಂದರ್ಥ. ಅಲ್ಲಿ ನಡೆಯುವುದು ಕಡಿಯುವ ಕೆಲಸವಲ್ಲ. ಅಂಟಿಕೊಂಡ ಎರಡನ್ನು ಬೇರೆ ಮಾಡುವುದು, ಗಂಟು ಬಿಡಿಸಿದಂತೆ, ಕಾಳು ಬಿಡಿಸಿದಂತೆ. ಮೀನು ಕಡಿಯುವ ಚಾಕು ಎಂದು ಬರೆದರೆ ಅದರಿಂದ ನಡುಮುಳ್ಳನ್ನು ಕಡಿಯಲು ಹೊರಡುವವರು ಇದ್ದೇ ಇರುತ್ತಾರೆ, ಮತ್ತು ಆ ಒಂದು ಏಟಿಗೆ ಬಾಯಿ ಹಲ್ಲುಹಲ್ಲಾಗುತ್ತದೆ. ಮೀನು ಬಿಡಿಸುವ ಚಾಕು ಎಂಬ ಹೆಸರಿನಲ್ಲಿಯೇ ಆ ಎಚ್ಚರಿಕೆ ಅಡಗಿದೆ.

ಸ್ಟೇನ್‌ಲೆಸ್ ಉಕ್ಕನ್ನು ತುಕ್ಕುರಹಿತ ಉಕ್ಕು ಎಂದು ಅನುವಾದಿಸುವುದು ಈ ಬಗೆಯ ಚಾಕುಗಳ ಮಟ್ಟಿಗೆ ಹಾನಿಕರ. ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುವ ಉಕ್ಕಿನ ಮೇಲೆ ತೆಳುವಾದ ಕಾಪುಪದರ ಕಟ್ಟಿಕೊಳ್ಳುತ್ತದೆ ನಿಜ, ಆದರೆ ಉಪ್ಪುನೀರಿನ ಕ್ಲೋರೈಡ್ ಅಲ್ಲಲ್ಲಿ ಆ ಪದರವನ್ನು ತೂತು ಮಾಡಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಕಡಲ ಮೀನಿನ ಕೆಲಸ ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಒರೆಸಿಡಬೇಕೆಂಬ ಸೂಚನೆಯನ್ನು, ತುಕ್ಕುರಹಿತ ಎಂಬ ಪದವನ್ನು ಓದಿದವರು ಪಾಲಿಸುವುದಿಲ್ಲ. ತುಕ್ಕುತಡೆ ಉಕ್ಕು ಎಂದು ಬರೆದಿದ್ದೇನೆ.

ಕೊನೆಯ ಪ್ರಶ್ನೆಗೆ ನನ್ನಲ್ಲಿ ಅರ್ಧ ಉತ್ತರವಷ್ಟೇ ಇದೆ. ಸುಮಾರು 1000 ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ಕಣಗಳು ಎಷ್ಟು ನಯ ಎಂಬುದರ ಅಳತೆ) ಕಲ್ಲಿನ ಮೇಲೆ ಒಂದು ಮಗ್ಗುಲನ್ನು ಮಸೆದಾಗ, ಕಲ್ಲು ಬಾಯಿಯ ತುದಿಯನ್ನು ಮುಟ್ಟಿದ ಗುರುತಾಗಿ ಎದುರು ಮಗ್ಗುಲಿನಲ್ಲಿ ಲೋಹದ ಅತಿ ತೆಳುವಾದ ಎಳೆಯೊಂದು ಏಳುತ್ತದೆ. ಅದು ಕಣ್ಣಿಗೆ ಕಾಣುವುದು ಕಷ್ಟ. ಬೆನ್ನಿನಿಂದ ಬಾಯಿಯ ಕಡೆಗೆ ಬೆರಳನ್ನು ಹಗುರವಾಗಿ ಸರಿಸಿದರೆ ಕೊನೆಯಲ್ಲಿ ಸಣ್ಣಗೆ ತಡೆಯುತ್ತದೆ. ಬಾಯಿಯ ಉದ್ದಕ್ಕೂ ಅದು ಏಳುವವರೆಗೆ ಮಸೆದು, ಆಮೇಲೆ ಇನ್ನೊಂದು ಮಗ್ಗುಲನ್ನೂ ಹಾಗೆಯೇ ಮಸೆದು, ಕಡೆಗೆ ಅದನ್ನು ಪೂರ್ತಿಯಾಗಿ ತೆಗೆಯಬೇಕು. ಉಳಿದರೆ ಚಾಕು ಮೊದಲ ಮೀನಿಗೆ ಹರಿತವೆನಿಸಿ ಎರಡನೆಯ ಮೀನಿಗೇ ಮೊಂಡಾಗುತ್ತದೆ. ಯಂತ್ರಶಾಲೆಗಳಲ್ಲಿ ಇದನ್ನು ಬರ್ ಎಂದೇ ಕರೆಯುತ್ತಾರೆ. ತೆನೆ ಒಕ್ಕುವಾಗ ಮೈಗೆ ತಾಗಿ ನವೆ ಹುಟ್ಟಿಸುವ, ಕಣ್ಣಿಗಿಂತ ಮೊದಲು ಚರ್ಮಕ್ಕೆ ಗೊತ್ತಾಗುವ ಸುಂಕು ಎಂಬ ಪದವನ್ನು ಇದಕ್ಕೆ ಕೊಡಬಹುದೇ ಎಂದು ಯೋಚಿಸುತ್ತಿದ್ದೇನೆ: ಸುಂಕು ಏಳುವವರೆಗೆ ಮಸೆಯಿರಿ, ಸುಂಕು ತೆಗೆಯಿರಿ. ಸುಂಕ ಎಂಬ ಪದಕ್ಕೆ ಇದು ತೀರಾ ಹತ್ತಿರವಾಗಿ ಕೇಳುವುದೊಂದೇ ನನ್ನ ಹಿಂಜರಿಕೆ. ಕಮ್ಮಾರರ, ಬಡಗಿಗಳ ಅಥವಾ ಕ್ಷೌರಿಕರ ಮಾತಿನಲ್ಲಿ ಈ ಎಳೆಗೆ ಮೊದಲೇ ಒಂದು ಹೆಸರಿದ್ದು, ಅದನ್ನು ಕೇಳಿ ಬಲ್ಲವರು ಇದ್ದರೆ ದಯವಿಟ್ಟು ತಿಳಿಸಿ. ಅಂಥದ್ದೊಂದು ಸಿಕ್ಕಿದರೆ ನನ್ನ ಸುಂಕನ್ನು ಕೂಡಲೇ ಹಿಂದಕ್ಕೆ ಪಡೆಯುತ್ತೇನೆ.