ಪೋಸ್ಟ್‌ಗ್ರೆಸ್: ಮ್ಯಾಕ್ಸ್ ಕನೆಕ್ಷನ್ಸ್ ಏರಿಸಿದರೆ ಸಾಕೇ?

ಪ್ರಶ್ನೆ: 8 ಕೋರ್, 16 ಜಿಬಿ ರ‍್ಯಾಮ್ ಸರ್ವರ್. ಸಂಜೆ ಲೋಡ್ ಹೆಚ್ಚಾದಾಗ ‘ಟೂ ಮೆನಿ ಕ್ಲೈಂಟ್ಸ್’ ಎರರ್ ಬರುತ್ತಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮ್ಯಾಕ್ಸ್ ಕನೆಕ್ಷನ್ಸ್ (ಏಕಕಾಲದ ಸಂಪರ್ಕಗಳ ಮಿತಿ) 100 ಇದೆ, 1000 ಮಾಡಲೇ?

ಉತ್ತರ 1: ದಯವಿಟ್ಟು ಬೇಡ. ಇಲ್ಲಿ ಒಂದೊಂದು ಕನೆಕ್ಷನ್ನೂ ಪ್ರತ್ಯೇಕ ಪ್ರೋಸೆಸ್. ವರ್ಕ್ ಮೆಮ್ (ಕ್ವೆರಿಯ ಕೆಲಸಕ್ಕೆ ಕೊಡುವ ಮೆಮೊರಿಯ ಮಿತಿ) ಲೆಕ್ಕ ಕನೆಕ್ಷನ್ನಿಗೆ ಒಂದೇ ಸಲವಲ್ಲ, ಕ್ವೆರಿಯ ಪ್ರತಿ ಸಾರ್ಟ್, ಹ್ಯಾಶ್‌ಗೂ ಬೇರೆ ಬೇರೆ. ಮೆಮೊರಿ ಮುಗಿದರೆ ಲಿನಕ್ಸ್ ಪ್ರೋಸೆಸ್ಸನ್ನೇ ಕೊಲ್ಲುತ್ತದೆ. ಡೇಟಾಬೇಸಿನ ಮುಂದೆ ಪಿಜಿಬೌನ್ಸರ್ (ಕೆಲವೇ ಕನೆಕ್ಷನ್ನುಗಳನ್ನು ಹಲವು ಕ್ಲೈಂಟ್‌ಗಳಿಗೆ ಹಂಚುವ ಪೂಲರ್) ಹಾಕಿ: ಪೂಲ್ ಮೋಡ್ ಟ್ರಾನ್ಸಾಕ್ಷನ್ (ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ಬೇರೆ ಕ್ಲೈಂಟಿಗೆ), ಡೀಫಾಲ್ಟ್ ಪೂಲ್ ಸೈಜ್ 20, ಮ್ಯಾಕ್ಸ್ ಕ್ಲೈಂಟ್ ಕನೆಕ್ಷನ್ 1000. ಆ್ಯಪ್‌ನಲ್ಲಿ ಪೋರ್ಟ್ 5432 ಬದಲು 6432. ಪೂಲ್ ಸೈಜ್ ಪ್ರತಿ ಯೂಸರ್–ಡೇಟಾಬೇಸ್ ಜೋಡಿಗೆ ಅನ್ವಯಿಸುತ್ತದೆ, ಒಟ್ಟಿಗಲ್ಲ.

ಉತ್ತರ 2: ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಲಿಸನ್ (ಡೇಟಾಬೇಸ್ ಸೂಚನೆಗೆ ಕಾಯುವ ಆಜ್ಞೆ), ಸೆಷನ್ ಮಟ್ಟದ ಸೆಟ್ (ಸೆಟ್ಟಿಂಗ್ ಬದಲಿಸುವ ಆಜ್ಞೆ), ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಆ್ಯಪ್ ತಾನೇ ಹಾಕುವ ಬೀಗ) ನೆಚ್ಚಿಕೊಳ್ಳುವಂತಿಲ್ಲ. ಡ್ರೈವರ್ (ಆ್ಯಪನ್ನು ಡೇಟಾಬೇಸಿಗೆ ಜೋಡಿಸುವ ಲೈಬ್ರರಿ) ಮೊದಲೇ ಸಿದ್ಧಪಡಿಸಿದ ಕ್ವೆರಿ, ಅಂದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸುತ್ತಿದ್ದರೆ ಪಿಜಿಬೌನ್ಸರ್ 1.21 ಅಥವಾ ಹೊಸ ಆವೃತ್ತಿ ಬೇಕು. ಮ್ಯಾಕ್ಸ್ ಪ್ರಿಪೇರ್ಡ್ ಸ್ಟೇಟ್‌ಮೆಂಟ್ಸ್ ಸೊನ್ನೆ ಇರಬಾರದು.

ಉತ್ತರ 3: ಅದಕ್ಕೂ ಮೊದಲು ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ (ಸದ್ಯದ ಕನೆಕ್ಷನ್ನುಗಳ ಸ್ಥಿತಿ ತೋರಿಸುವ ಪಟ್ಟಿ) ನೋಡಿ. ‘ಐಡಲ್ ಇನ್ ಟ್ರಾನ್ಸಾಕ್ಷನ್’ (ಟ್ರಾನ್ಸಾಕ್ಷನ್ ತೆರೆದು ಸುಮ್ಮನಿರುವ) ಸಾಲುಗಳು ಹೆಚ್ಚಿದ್ದರೆ ರೋಗ ಆ್ಯಪ್‌ನಲ್ಲೇ ಇದೆ. ಕಮಿಟ್ ಆಗದ ಟ್ರಾನ್ಸಾಕ್ಷನ್ ಪೂಲ್‌ನ ಕನೆಕ್ಷನ್ ಹಿಡಿದೇ ಇರುತ್ತದೆ, ವ್ಯಾಕ್ಯೂಮ್‌ಗೂ (ಹಳೆಯ ಸಾಲುಗಳನ್ನು ತೆರವುಗೊಳಿಸುವ ಕೆಲಸ) ಅಡ್ಡಿ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಸ್ಥಿತಿಯ ಟೈಮ್‌ಔಟ್ 60 ಸೆಕೆಂಡ್ ಇಡಿ. ಆಮೇಲೆ ಪಿಜಿಬೌನ್ಸರ್ ಕನ್ಸೋಲಿನಲ್ಲಿ ಶೋ ಪೂಲ್ಸ್ ಕೊಟ್ಟು, ಕಾಯುವ ಕ್ಲೈಂಟ್‌ಗಳ ಸಂಖ್ಯೆ ಇಳಿಯದಿದ್ದರೆ ಮಾತ್ರ ಪೂಲ್ ಹಿಗ್ಗಿಸಿ.